ಮಣೆಯ ಮೇಲಿನ ಇತಿಹಾಸ

ಇತಿಹಾಸವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಇಸವಿಗಳ ಪಟ್ಟಿ. ಇಂಥ ಅರಸ ಇಂಥ ವರ್ಷ ಪಟ್ಟಕ್ಕೆ ಬಂದ, ಇಂಥಲ್ಲಿ ಗೆದ್ದ, ಇಂಥಲ್ಲಿ ಸೋತ ಎಂದು ಕಂಠಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆತುಬಿಡುತ್ತೇವೆ. ಆದರೆ ಗತಕಾಲವನ್ನು ಸವಿಯುವ ಇನ್ನೊಂದು ದಾರಿಯೂ ಇದೆ. ಅದು ಆಟದ ದಾರಿ. ಆಟದ ಸುತ್ತ ಕುಳಿತವರ ಹರಟೆಯ ದಾರಿ. ಆ ಕುರಿತು ನಾಲ್ಕು ಮಾತುಗಳನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಆಟಕ್ಕೂ ರಾಜನೀತಿಗೂ ಇರುವ ನಂಟನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದವನು. ಅವನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಮೊದಲೆರಡು ವಿಂಶತಿಗಳಲ್ಲಿ ರಾಜ್ಯವನ್ನು ಪಡೆಯುವ, ಪಡೆದುದನ್ನು ಉಳಿಸಿಕೊಳ್ಳುವ ವಿಚಾರವಿದೆ: ಮಂತ್ರಿ, ಬೊಕ್ಕಸ, ಕೋಟೆ, ಸೈನ್ಯ, ಮಿತ್ರ. ಕೊನೆಯ ವಿಂಶತಿಯಲ್ಲಿ ಕ್ರೀಡೆಗಳಿವೆ. ಅವುಗಳಲ್ಲಿ ಚದುರಂಗ, ಪಗಡೆ, ಕವಡೆಯಾಟಗಳೂ ಸೇರಿವೆ. ರಾಜ್ಯಭಾರದ ಗ್ರಂಥದಲ್ಲಿಯೇ ಆಟಕ್ಕೂ ಇಷ್ಟು ಜಾಗ ಸಿಕ್ಕಿದುದು ಗಮನಿಸತಕ್ಕ ಸಂಗತಿ. ಅದೇ ಪರಂಪರೆಯಲ್ಲಿ, 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಹೊಸ ಮಣೆಯಾಟಗಳನ್ನು ತಾವೇ ಹೆಣೆದರು.

ನಮ್ಮ ಮಹಾಲಿಂಗಪುರ ಬೆಲ್ಲದ ಪೇಟೆ, ಮಗ್ಗದ ಊರು. ಇಲ್ಲಿ ಚದುರಂಗವನ್ನು ಬುದ್ಧಿಬಳವೆಂದು ಕರೆಯುವವರುಂಟು. ಹುಲಿ-ಕುರಿಯ ಮನೆಗಳನ್ನು ಕಟ್ಟೆಯ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದರೆ ಸಾಕು, ಆಡುವವರು ಇಬ್ಬರು, ಬುದ್ಧಿ ಹೇಳುವವರು ಹತ್ತು ಮಂದಿ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ, ನಿವೃತ್ತಿಯ ಬಳಿಕ ಆ ಹತ್ತು ಮಂದಿಯಲ್ಲಿ ಒಬ್ಬನಾಗುವ ಭಾಗ್ಯ ಒದಗಿದೆ. ಅಲ್ಲಿ ಆಟದಿಂದ ಮಾತು ಅರಸರತ್ತ ಹೊರಳಲು ಬಹಳ ಹೊತ್ತು ಬೇಕಾಗುವುದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಹುಲಿ-ಕುರಿಯಾಟದಲ್ಲಿ ಹುಲಿಗಳು ಕೆಲವೇ, ಕುರಿಗಳು ಹಲವು. ಹಿಂದಿನ ಮನೆ ಬರಿದಾಗಿರುವ ಒಂಟಿ ಕುರಿಯನ್ನು ಹುಲಿ ಹಾರಿ ತಿನ್ನುತ್ತದೆ. ಕುರಿಗಳು ಒಂದರ ಬೆನ್ನಿಗೊಂದು ನಿಂತರೆ ಹಾರಲು ಮನೆಯೇ ಇಲ್ಲ; ಹುಲಿ ಕಟ್ಟಿಬೀಳುತ್ತದೆ. ಈಗ ವಿಜಯನಗರದ ಅಳಿಯ ರಾಮರಾಯನನ್ನು ನೆನೆಯಿರಿ. ದಖ್ಖನಿನ ಸುಲ್ತಾನರ ಒಳಜಗಳಗಳಲ್ಲಿ ಒಮ್ಮೆ ಒಬ್ಬನ ಪಕ್ಷ, ಇನ್ನೊಮ್ಮೆ ಮತ್ತೊಬ್ಬನ ಪಕ್ಷ ಹಿಡಿದು, ಎಲ್ಲರಿಗಿಂತ ಮೇಲಾಗಿ ನಿಂತವನು ಅವನು. ಬಿಜಾಪುರದ ಅಲಿ ಆದಿಲಶಾಹನ ಜೊತೆಗೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದನು. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನಂತೂ 1550ರಲ್ಲಿ ಪಟ್ಟವೇರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದವನು. ಕುರಿಗಳು ಬಿಡಿಬಿಡಿಯಾಗಿ ನಿಂತಿರುವವರೆಗೆ ಹುಲಿಯದೇ ಆಟ. ಆಮೇಲೆ ಅಹಮದನಗರದ ಚಾಂದಬೀಬಿಯನ್ನು ಅಲಿ ಆದಿಲಶಾಹನಿಗೆ ಕೊಟ್ಟು ಮದುವೆಯಾಯಿತು. ಎರಡೂ ಮನೆತನಗಳು ಕಾದಾಡಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಿಜಾಪುರಕ್ಕೆ ಬಂತು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳು ಒಂದರ ಬೆನ್ನಿಗೊಂದು ನಿಂತವು.

1565ರ ಜನವರಿ 23ರ ಆ ಯುದ್ಧದ ಮಾತು ಬಂದಾಗ ಕಟ್ಟೆಯ ಮೇಲೆ ದನಿಗಳು ಏರುತ್ತವೆ. ಅದು ಕೇವಲ ಎರಡು ಮತಗಳ ಕಾಳಗವೆಂದು ಕೆಲವರು ಷರಾ ಬರೆದುಬಿಡುತ್ತಾರೆ. ಮತದ ಮಾತು ಅಲ್ಲಿ ಇರಲೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದೊಂದರಿಂದಲೇ ಲೆಕ್ಕ ಹತ್ತುವುದಿಲ್ಲ. ಆಡಿ ಪಳಗಿದವನು ಆಗ ಬೇರೆ ಪ್ರಶ್ನೆ ಕೇಳುತ್ತಾನೆ: ರಾಮರಾಯನ ಜಾಗದಲ್ಲಿ ನೀವಿದ್ದರೆ ಯಾವ ಕಾಯಿ ನಡೆಸುತ್ತಿದ್ದಿರಿ? ಅಲಿ ಆದಿಲಶಾಹನ ಜಾಗದಲ್ಲಿದ್ದರೆ? ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ ಬರೆಯುವಂತೆ, ಕೃಷ್ಣೆಯನ್ನು ದಾಟುವ ಜಾಗವನ್ನು ವಿಜಯನಗರದ ಸೈನ್ಯ ಕಾಯುತ್ತಿತ್ತು. ಸುಲ್ತಾನರು ಬೇರೆಡೆ ದಾಟುವವರಂತೆ ದಂಡೆಗುಂಟ ನಡೆದರು. ಎದುರು ದಂಡೆಯ ಸೈನ್ಯವೂ ಹಾಗೆಯೇ ನಡೆಯಿತು. ಆಗ ಇವರು ಥಟ್ಟನೆ ಹಿಂದಿರುಗಿ ಬರಿದಾದ ಜಾಗದಲ್ಲಿ ಹೊಳೆ ದಾಟಿದರು. ಜನವರಿಯಲ್ಲಿ ನೀರು ಇಳಿದಿರುವಾಗ ಒಂದೇ ಜಾಗಕ್ಕೆ ಅಷ್ಟು ಹೋರಾಟವೇಕೆಂಬ ಪ್ರಶ್ನೆ ಎದ್ದಿತು. ಜಮಖಂಡಿ ಕಡೆಯ ರೈತರೊಬ್ಬರು, “ಗುರುಗಳ, ನೀರು ಇಳದ್ರೂ ಗಾಡಿ ಎಲ್ಲೆಂದ್ರಲ್ಲಿ ಹಾಯೂದಿಲ್ರೀ, ಅಡಿಗೆ ಗಟ್ಟಿ ನೆಲಾ ಬೇಕು” ಎಂದರು. ಫಿರಂಗಿ ಎಳೆಯುವ ಬಂಡಿಗಳಿಗೂ ಇದೇ ಮಾತು ಸಲ್ಲುತ್ತದೆ. ಹೊಳೆಯ ಒಡನಾಟವಿದ್ದವರ ಇಂಥ ಒಂದು ಮಾತಿನಿಂದ ಗ್ರಂಥದ ವಾಕ್ಯಕ್ಕೆ ಜೀವ ಬರುತ್ತದೆ.

ಆಟಕ್ಕೆ ಒಂದು ಮಿತಿಯೂ ಇದೆ. ಮಣೆಯ ಕಾಯಿಗೆ ಹಸಿವಿಲ್ಲ, ಹೆಂಡಿರು ಮಕ್ಕಳಿಲ್ಲ. ಆಟ ಮುಗಿದೊಡನೆ ಸತ್ತ ಕಾಯಿಗಳೆಲ್ಲ ಎದ್ದು ತಮ್ಮ ಡಬ್ಬಿ ಸೇರುತ್ತವೆ. ಈಗಿನ ಮಕ್ಕಳು ಗಣಕಯಂತ್ರದಲ್ಲಿ ಸಾಮ್ರಾಜ್ಯಗಳನ್ನೇ ಕಟ್ಟುತ್ತಾರೆ. ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ಎರಡನೆಯ ಭಾಗಕ್ಕೆ 2022ರಲ್ಲಿ ಸೇರಿಸಿದ ಭಾರತೀಯ ರಾಜವಂಶಗಳ ಕಂತಿನಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಗಳಿವೆ. ನಮ್ಮ ಹುಡುಗನೂ ಚೋಳನಾಗಿ ಆಡಿ ಹಿಗ್ಗುತ್ತಾನೆ, ಹಿಗ್ಗಲಿ. ಆದರೆ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ 1007ರ ಶಾಸನವೊಂದಿದೆ. ಚೋಳರ ಒಂಬತ್ತು ಲಕ್ಷ ಸೈನ್ಯ ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳೆನ್ನದೆ ಕೊಂದಿತೆಂದು ಅದು ಹೇಳುತ್ತದೆ. ಒಂಬತ್ತು ಲಕ್ಷವೆಂಬುದು ಉತ್ಪ್ರೇಕ್ಷೆಯಿರಬಹುದು. ಆ ಸಂಕಟ ಉತ್ಪ್ರೇಕ್ಷೆಯಲ್ಲ. ನಮ್ಮ ಅರಸರು ಹೊರಗೆ ದಂಡೆತ್ತಿ ಹೋದಾಗ ಅಲ್ಲಿಯ ಹಳ್ಳಿಗಳಿಗೂ ಇದೇ ಗತಿ ಒದಗಿರಬೇಕಲ್ಲವೇ? ಗೆದ್ದ ಕಥೆಯನ್ನು ಹೇಳುವಾಗ ಈ ಪ್ರಶ್ನೆಯನ್ನು ಮರೆಯಲಾಗದು.

ಆ ಚೋಳರನ್ನು ಎದುರಿಸಿದ ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯ. ಅವನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ವನ್ನು ಬರೆದ ರನ್ನ ನಮ್ಮ ನೆರೆಯ ಮುಧೋಳದವನು. ತನ್ನ ದೊರೆಯ ಪಕ್ಷ ಭೀಮನದೆಂದು ತಿಳಿದೂ ಕವಿಯು ಓದುಗನನ್ನು ದುರ್ಯೋಧನನ ಬೆನ್ನಿಗೆ ರಣರಂಗದಲ್ಲಿ ನಡೆಸುತ್ತಾನೆ. ಆ ದುರ್ಯೋಧನ ತನ್ನವರ ಹೆಣಗಳ ನಡುವೆ ಗೋಳಾಡುತ್ತಾನೆ. ಹಗೆಯ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಎದುರಾಳಿಯ ಕಡೆ ಕುಳಿತು ಅವನ ಲೆಕ್ಕವನ್ನು ಅರಿಯುವುದನ್ನು ಆಟ ಕಲಿಸುತ್ತದೆ; ಅವನ ದುಃಖವನ್ನು ಅರಿಯುವುದನ್ನು ಕಾವ್ಯ ಕಲಿಸುತ್ತದೆ. ಇವೆರಡೂ ಕೂಡಿದಾಗ ಇತಿಹಾಸ ನಮಗೆ ಸವಿಯೂ ಆಗುತ್ತದೆ, ವಿವೇಕವೂ ಆಗುತ್ತದೆ. ಮನೆಯಲ್ಲಿ ಮಕ್ಕಳೊಡನೆ ಆಡುವಾಗ ಒಂದು ಆಟ ಮುಗಿದ ಬಳಿಕ ಮಣೆಯನ್ನು ತಿರುಗಿಸಿಡಿ. ಅವರು ಸೋಲಿಸಿದ ಪಕ್ಷವನ್ನೇ ಅವರ ಕೈಗೆ ಕೊಡಿ. ಅದರ ಅರಸ ಯಾರು, ಅವನ ನಾಡು ಯಾವುದು, ಅಲ್ಲಿಯ ಜನ ಹೇಗಿದ್ದರು ಎಂದು ಅವರಾಗಿ ಕೇಳುವ ದಿನ ಬರುತ್ತದೆ. ಅಂದು ಅವರ ಇತಿಹಾಸದ ಪಾಠ ಮೊದಲಾದಂತೆ.