ಧಾರವಾಡ ಸೀಮೆಯ ಮನೆತನಗಳ ವಂಶಾವಳಿ: ಆಕರಗಳು ಮತ್ತು ವಿವೇಚನೆ

ಕುಲವನ್ನು ಅರಸಬಾರದೆಂದು ಸಾರಿದ ಶರಣರ ನಾಡಿನಲ್ಲಿಯೇ ಮನೆತನಗಳ ಹೆಸರುಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಸಂಪ್ರದಾಯವೊಂದು ಬೆಳೆದಿರುವುದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸುತ್ತದೆ. ಬಸವಣ್ಣನವರು ಹುಟ್ಟಿನ ಕುಲವನ್ನು ತೊರೆದು ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯನವರಂಥವರನ್ನೇ ತಮ್ಮ ಹಿರಿಯರೆಂದು ಭಾವಿಸಿದುದು ವಚನಾಭ್ಯಾಸಿಗಳೆಲ್ಲರಿಗೂ ತಿಳಿದ ಸಂಗತಿ. ಹಾಗಿರುವಾಗ ವಂಶಶೋಧಕ್ಕೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜವೇ. ಆದರೆ ಶರಣರು ಅಲ್ಲಗಳೆದುದು ಕುಲದ ಹಮ್ಮನ್ನೇ ಹೊರತು ಹಿರಿಯರ ಸ್ಮರಣೆಯನ್ನಲ್ಲ. ಪುರಾತನರ ಸ್ಮರಣೆಯಂತೂ ಶರಣಧರ್ಮದ ಜೀವಾಳವೇ ಆಗಿದೆ. ಈ ಭೇದವನ್ನು ಮನಸ್ಸಿನಲ್ಲಿರಿಸಿಕೊಂಡು ಹುಬ್ಬಳ್ಳಿ-ಧಾರವಾಡ ಪರಿಸರದ ಮನೆತನಗಳ ಹಿಂದಿನವರನ್ನು ತಿಳಿಯಲು ಇರುವ ಆಕರಗಳನ್ನು ಪರಿಶೀಲಿಸುವುದು ಉಚಿತವಾಗಿದೆ.

ಈ ಆಕರಗಳಲ್ಲಿ ಮೊದಲು ನೆನೆಯಬೇಕಾದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಅದರ ಕೊರಳಗಂಟೆಯ ನಾದದೊಡನೆ ಊರು ಹೊಕ್ಕು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲೆಂಬಂತೆ ಹೇಳುವುದು ಅವರ ಕಾಯಕ. ಪ್ರತಿಫಲವಾಗಿ ಕಾಳು, ಬಟ್ಟೆ, ಕೆಲವೊಮ್ಮೆ ದನಕರು ದೊರೆಯುತ್ತಿದ್ದವು. ಇಂತಿಂಥ ಊರು ಇಂತಿಂಥ ಹೆಳವರದೆಂಬ ಹಂಚಿಕೆಯೂ ಅವರಲ್ಲಿತ್ತು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಇವರನ್ನು ಗ್ರಾಮಚರಿತ್ರೆಯ ಪಾಲಕರೆಂದು ಕರೆದಿದ್ದಾನೆ. ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಬರುವರೆಂದೂ, ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನು ಸಹ ಹೇಳುವರೆಂದೂ ಅವನು ಬರೆದಿದ್ದಾನೆ. ಹೆಳವ ಎಂದರೆ ಕಾಲಿಲ್ಲದವನೆಂಬ ಅರ್ಥಕ್ಕೂ ಈ ವೇಷಕ್ಕೂ ಇರುವ ಸಂಬಂಧ ಸ್ಪಷ್ಟವೇ ಇದೆ. ಬಾಯಿಪಾಠವಲ್ಲದೆ ತಾಡವೋಲೆ, ತಾಮ್ರಪಟ, ಕಾಗದದ ಹೊತ್ತಿಗೆಗಳಲ್ಲಿಯೂ ಅವರು ವಂಶಾವಳಿಗಳನ್ನು ಕಾಪಾಡಿದ್ದಾರೆ. ಅಕ್ಷರವರಿಯದ ಒಕ್ಕಲಿಗನ ಏಳೆಂಟು ತಲೆಮಾರಿನ ಹೆಸರುಗಳು ಉಳಿದಿದ್ದರೆ ಅದು ಬಹುಮಟ್ಟಿಗೆ ಇವರ ಉಪಕಾರ.

ಆದರೂ ಹೆಳವನ ಮಾತನ್ನಾಗಲಿ ಮನೆಯ ಹಿರಿಯರ ನೆನಪನ್ನಾಗಲಿ ವಿವೇಚನೆಯಿಲ್ಲದೆ ಒಪ್ಪುವಂತಿಲ್ಲ. ಇದಕ್ಕೆ ಮೂರು ಕಾರಣಗಳುಂಟು. ದಾನ ಕೊಡುವ ಮನೆಯವರನ್ನು ಮೆಚ್ಚಿಸುವ ಮಾತು ವಂಶಾವಳಿಯಲ್ಲಿ ಸೇರುವುದು ಸಹಜ, ಇದು ಮೊದಲನೆಯದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದ ಒಂದೇ ಮನೆಯಲ್ಲಿ ಬಸಪ್ಪ, ಈರಪ್ಪ ಎಂಬ ಹೆಸರುಗಳು ಸರದಿಯಂತೆ ಬರುತ್ತವೆ. ಇಬ್ಬರು ಬಸಪ್ಪಂದಿರು ಒಬ್ಬನಾದರೆ ನಡುವಿನ ಎರಡು ತಲೆಮಾರು ಮಾಯವಾಗುತ್ತವೆ, ಇದು ಎರಡನೆಯದು. ಮೂರನೆಯದು ಸಂವತ್ಸರದ ತೊಡಕು. ಮುತ್ತಜ್ಜನು ಧಾತು ಸಂವತ್ಸರದಲ್ಲಿ ಊರು ಬಿಟ್ಟನೆಂದು ಹೇಳಿದರೆ ಅದು ಮಹಾಬರದ 1876 ಆಗಬಹುದು, ಅರವತ್ತು ವರ್ಷ ಹಿಂದಿನ 1816 ಕೂಡ ಆಗಬಹುದು. ಬರದ ನೆನಪು ಜೊತೆಗಿದ್ದರೆ ಮಾತ್ರ ಮೊದಲನೆಯದನ್ನು ನಿಶ್ಚಯಿಸಬಹುದು.

ಈ ಸಂಶಯಗಳನ್ನು ಪರಿಹರಿಸಲು ಸರಕಾರಿ ದಫ್ತರಗಳು ನೆರವಾಗುತ್ತವೆ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಪ್ರಾಂತವು ಕಂಪನಿಯ ಕೈಸೇರಿತು. ಅದಕ್ಕೂ ಹಿಂದಿನ ಮೋಡಿ ಲಿಪಿಯ ಕಾಗದಪತ್ರಗಳು ಪುಣೆಯ ಪೇಶ್ವೆ ದಫ್ತರದಲ್ಲಿ ಸಂಗ್ರಹವಾಗಿವೆ. 1852ರ ಕಾಯಿದೆಯ ಮೇರೆಗೆ ಇನಾಂ ಆಯೋಗವು ಹಕ್ಕುದಾರರಿಂದ ಸನದುಗಳನ್ನು ಕೇಳಿದಾಗ ಮಠಗಳೂ ಮನೆತನಗಳೂ ತಮ್ಮ ಪರಂಪರೆಯನ್ನು ಬರೆದುಕೊಡಬೇಕಾಯಿತು. 1874ರ ವತನ ಕಾಯಿದೆಯು ಗೌಡಕಿ, ಕುಲಕರ್ಣಿಕಿಗಳ ವಾರಸುದಾರಿಕೆಯನ್ನು ದಾಖಲೆಗೆ ತಂದಿತು. ಸಾಮಾನ್ಯ ಒಕ್ಕಲಿಗರಿಗೆ ಭೂಮಿಯ ಉತಾರಗಳು, ವಾರಸಾ ನೋಂದುಗಳು ಮತ್ತು ವಾಟಣಿಪತ್ರಗಳೇ ಆಧಾರ. ಇವನ್ನು ಓದುವಾಗ ಕಾಲಗಣನೆಯ ಅರಿವು ಅಗತ್ಯ. ಫಸಲಿ ವರ್ಷಕ್ಕೆ 590 ಅಥವಾ 591, ಪೇಶ್ವೆ ಕಾಗದಗಳ ಅರಬ್ಬೀ ಸನಕ್ಕೆ 599 ಅಥವಾ 600 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಶಾಲೆಯ ದಾಖಲಾತಿ ಪುಸ್ತಕಗಳೂ ಉಪಯುಕ್ತವೇ. ಆದರೆ ಅವುಗಳಲ್ಲಿ ಬಹುಸಂಖ್ಯೆಯ ಮಕ್ಕಳು ಜೂನ್ 1ರಂದು ಹುಟ್ಟಿದಂತೆ ಕಾಣುವುದು ದೈವಯೋಗವಲ್ಲ. ಜನ್ಮದಿನ ತಿಳಿಯದಾಗ ಶಾಲೆಗೆ ಸೇರಿಸಲು ಅನುಕೂಲವಾಗುವಂತೆ ಬರೆದ ದಿನಾಂಕವದು.

ಕ್ರೈಸ್ತ ಸಭೆಗಳ ದಾಖಲೆಗಳು ಬೇರೊಂದು ಬಗೆಯವು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. ದೀಕ್ಷಾಸ್ನಾನ, ಮದುವೆ, ಮರಣಗಳನ್ನು ದಿನಾಂಕಸಹಿತ ಬರೆದಿಡುವುದು ಚರ್ಚಿನ ಪದ್ಧತಿ. ಮುಂಬಯಿ ಪ್ರಾಂತದ ಇಂಗ್ಲಿಷ್ ಚರ್ಚುಗಳ ಇಂಥ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗಿ ಅಲ್ಲಿಯ ಬ್ರಿಟಿಷ್ ಗ್ರಂಥಾಲಯದಲ್ಲಿ ಉಳಿದಿವೆ. ಆದುದರಿಂದ ಧಾರವಾಡದಲ್ಲಿ ಮಡಿದ ಇಂಗ್ಲಿಷ್ ಸಿಪಾಯಿಯ ಮರಣದಿನವನ್ನು ಅವನ ವಂಶದವರು ಅಲ್ಲಿ ಹುಡುಕಬಲ್ಲರು. ಅದೇ ವರ್ಷ ಅದೇ ಊರಿನಲ್ಲಿ ತೀರಿಕೊಂಡ ನೇಕಾರನ ಮೊಮ್ಮಕ್ಕಳಿಗೆ ಆ ಭಾಗ್ಯವಿಲ್ಲ. ಇನ್ನೊಂದು ಗಮನಾರ್ಹ ಸಂಗತಿಯೆಂದರೆ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿನೊಡನೆ ತಾಯಿಯ ಹೆಸರೂ ಬರುತ್ತದೆ. ವತನದ ವಂಶಾವಳಿಯಾದರೋ ಗಂಡುಸಂತತಿಯ ಸಾಲು. ವಿಧವೆ ದತ್ತಕ ತೆಗೆದುಕೊಂಡಾಗ ಮಾತ್ರ ಹೆಣ್ಣಿನ ಹೆಸರು ಅಲ್ಲಿ ಇಣುಕುವುದುಂಟು.

ವೀರಶೈವ ಮನೆತನಗಳಿಗೆ ಸ್ವಂತವಾದ ಆಕರಗಳೂ ಇವೆ. ಗುರುಮನೆ, ಬೆಡಗು, ಮನೆದೇವರುಗಳು ಮೂಲಸ್ಥಳದ ಸುಳಿವು ಕೊಡುತ್ತವೆ. ಹುಬ್ಬಳ್ಳಿಯ ಮನೆಯೊಂದು ಗೊಡಚಿಯ ಅಥವಾ ಯಡೂರಿನ ವೀರಭದ್ರನಿಗೆ ತಪ್ಪದೆ ನಡೆದುಕೊಳ್ಳುತ್ತಿದ್ದರೆ ಅದರ ಬೇರನ್ನು ಬೆಳಗಾವಿ ಸೀಮೆಯಲ್ಲಿ ಹುಡುಕುವುದು ಯುಕ್ತ. ಸವಣೂರು ನವಾಬ ಮಜೀದಖಾನನ ಕಾಲದಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟರು ಹೊಸ ಪೇಟೆಯನ್ನು ಕಟ್ಟಿಸಿದ ಮೇಲೆ ಹುಬ್ಬಳ್ಳಿಯು ಹೊರಗಿನವರನ್ನು ಬರಮಾಡಿಕೊಂಡು ಬೆಳೆದ ಊರು. ವಲಸೆ ಬಂದವರಿಗೆ ಬಿಟ್ಟ ಊರು, ಹಿಡಿದ ಉದ್ಯೋಗ, ಕಟ್ಟಿದ ಮನೆಗಳೇ ಅಡ್ಡಹೆಸರುಗಳಾದವು. ಒಂದೇ ರಕ್ತದ ಅಣ್ಣತಮ್ಮಂದಿರಲ್ಲಿ ಒಬ್ಬನ ಸಂತತಿ ಅಂಗಡಿ, ಇನ್ನೊಬ್ಬನದು ಹೊಸಮನಿ ಆಗಿರುವುದು ಅಸಂಭವವಲ್ಲ. ಇನ್ನು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳ ಕೊನೆಯಲ್ಲಿ ಪ್ರತಿಕಾರನ ಹೆಸರು, ಗುರು, ಊರು, ಸಂವತ್ಸರಗಳು ಕಾಣಸಿಗುತ್ತವೆ. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಕೂಡಿಸಿದ ಇಂಥ ಕಟ್ಟುಗಳಿಂದಲೇ 1923ರಲ್ಲಿ ವಚನಶಾಸ್ತ್ರಸಾರವು ಹೊರಬಂದಿತು. ಅವರು ವಚನಗಳಿಗಾಗಿ ಅರಸಿದ ಗರಿಗಳಲ್ಲಿ ಮನೆತನದ ಚರಿತ್ರೆಯೂ ಅಡಗಿರುತ್ತದೆಂಬುದನ್ನು ಮರೆಯಬಾರದು.

ಮೇಲಿನ ಆಕರಗಳನ್ನು ಒಟ್ಟಾಗಿ ನೋಡಿದಾಗ ಒಂದು ಸತ್ಯ ಗೋಚರಿಸುತ್ತದೆ. ಪ್ರತಿಯೊಂದು ದಾಖಲೆಯೂ ಬರೆದವನ ಪ್ರಯೋಜನಕ್ಕಾಗಿ ಹುಟ್ಟಿದೆ. ಹೆಳವನು ದಾನಕ್ಕಾಗಿ, ಸರಕಾರವು ಕಂದಾಯಕ್ಕಾಗಿ, ಸಭೆಯು ತನ್ನವರ ಲೆಕ್ಕಕ್ಕಾಗಿ ಹೆಸರುಗಳನ್ನು ಉಳಿಸಿದವು. ಒಂದರ ಮಾತನ್ನು ಇನ್ನೊಂದರಿಂದ ಒರೆದು ನೋಡಿದಲ್ಲದೆ ನಿಜ ತಿಳಿಯದು. ಒರೆದು ನೋಡಿದಾಗ ಕೀರ್ತಿವಂತನೆಂದು ನಂಬಿದ ಹಿರಿಯನು ಬರಗಾಲದಲ್ಲಿ ಹೊಟ್ಟೆಪಾಡಿಗಾಗಿ ಬಂದ ಕೂಲಿಯವನೆಂದು ತಿಳಿದುಬಂದೀತು. ಅದನ್ನು ಮುಚ್ಚಿಡುವವನಿಗೆ ಬೇಕಾದುದು ಕುಲದ ಹಮ್ಮು. ಬರೆದಿಡುವವನಿಗೆ ಬೇಕಾದುದು ಹಿರಿಯರ ಸ್ಮರಣೆ.

ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಇವರನ್ನು ನಾಡು ಇಂದಿಗೂ ಅವರವರ ಕಾಯಕದ ಹೆಸರಿನಿಂದಲೇ ಗುರುತಿಸುತ್ತದೆ. ಲಕ್ಕಮ್ಮನು ಮಾರಯ್ಯನ ಮಡದಿಯಾಗಿ ಮಾತ್ರವಲ್ಲ, ತಾನಾಗಿಯೇ ಉಳಿದಿದ್ದಾಳೆ. ಶರಣಪರಂಪರೆಯ ಮನೆಯು ತನ್ನ ವಂಶಾವಳಿಯನ್ನು ಬರೆಯುವುದಾದರೆ ಇದೇ ಮೇಲ್ಪಂಕ್ತಿ. ಗಂಡುಮಕ್ಕಳ ಸಾಲಿಗೆ ತೃಪ್ತಿಪಡದೆ ತಾಯಂದಿರ, ಹೆಣ್ಣುಮಕ್ಕಳ ಹೆಸರನ್ನೂ, ಒಬ್ಬೊಬ್ಬರು ಮಾಡಿದ ಕಾಯಕವನ್ನೂ ಅದರಲ್ಲಿ ಸೇರಿಸಬೇಕು. ಅಟ್ಟದ ಮೇಲಿನ ಕಾಗದಗಳನ್ನು ಗೆದ್ದಲು ತಿನ್ನುವ ಮುನ್ನ, ಮನೆಯ ಹಿರಿಯಜ್ಜಿಯ ನೆನಪು ಮಾಸುವ ಮುನ್ನ ಈ ಕಾರ್ಯ ಆರಂಭವಾಗಬೇಕು. ಅಜ್ಜಿಯ ತವರೂರು ಯಾವುದೆಂದು ಕೇಳುವ ಮೊದಲ ಪ್ರಶ್ನೆಗೆ ಯಾವ ದಫ್ತರದ ಅಪ್ಪಣೆಯೂ ಬೇಕಿಲ್ಲ.