ನಿರ್ಮಲಕುಮಾರ ಬೋಸ್ ಕಂಡ ಕಲ್ಕತ್ತೆ

ಈ ನಗರಕ್ಕೆ ಹೊಸದಾಗಿ ಬಂದ ಕನ್ನಡಿಗರನ್ನು ನಾವು ಮೊದಲು ಕೇಳುವ ಪ್ರಶ್ನೆ, "ಮನೆ ಎಲ್ಲಿ ಮಾಡಿದ್ದೀರಿ?" ಎಂಬುದು. ಬಹುಕಾಲ ಇದಕ್ಕೆ ಉತ್ತರ ಕೇಳುವ ಮೊದಲೇ ಗೊತ್ತಿರುತ್ತಿತ್ತು. ಲೇಕ್ ಮಾರ್ಕೆಟ್ಟಿನ ಆಸುಪಾಸು, ಇಲ್ಲವೆ ರಾಸಬಿಹಾರಿ ಅವೆನ್ಯೂ ಕಡೆ. ಕಾಫಿಪುಡಿ, ಕರಿಬೇವು, ಬಾಳೆಯೆಲೆ ದೊರೆಯುವಲ್ಲಿ ದಕ್ಷಿಣದವರು ನೆಲೆಸುವುದು ಸಹಜವೇ. ಇದರಲ್ಲಿ ಸಂಶೋಧನೆ ಮಾಡುವಂಥದ್ದೇನಿದೆ ಎಂದು ತೋರಬಹುದು. ಆದರೆ ಯಾರು ಯಾವ ಕೇರಿಯಲ್ಲಿ, ಯಾರ ಮಗ್ಗುಲಲ್ಲಿ ಮನೆ ಮಾಡಿದರು ಎಂಬ ಈ ಸಾಮಾನ್ಯ ಪ್ರಶ್ನೆಯನ್ನೇ ಹಿಡಿದು ಇಡೀ ನಗರವನ್ನು ಅಳೆದವರು ಪ್ರೊ. ನಿರ್ಮಲಕುಮಾರ ಬೋಸ್.

1901ರಲ್ಲಿ ಹುಟ್ಟಿದ ಬೋಸರು ಮೊದಲು ಓದಿದ್ದು ಭೂವಿಜ್ಞಾನ. ಆಮೇಲೆ ಮಾನವಶಾಸ್ತ್ರಕ್ಕೆ ಬಂದರು. 1946–47ರಲ್ಲಿ ಗಾಂಧೀಜಿ ನೌಖಾಲಿಯ ಹಳ್ಳಿಗಳಲ್ಲಿ ನಡೆದಾಗ ಜೊತೆಯಲ್ಲಿದ್ದು, ಅವರ ಮಾತನ್ನು ಬಂಗಾಳಿಯಲ್ಲಿ ಹೇಳುತ್ತಿದ್ದವರು ಇವರೇ. ಒರಿಸ್ಸಾದ ಜುವಾಂಗರ ನಡುವೆಯೂ ಕೆಲಸ ಮಾಡಿದ್ದರು. 1959ರಿಂದ 1964ರವರೆಗೆ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದರು. ಕಾಡಿನ ಜನರನ್ನು ನೋಡಿದ ಅದೇ ಕಣ್ಣಿನಿಂದ ಅವರು ತಮ್ಮ ಊರನ್ನು ನೋಡತೊಡಗಿದರು. ವಾರ್ಡು ವಾರ್ಡು ತಿರುಗಿ ಕಲೆಹಾಕಿದ ವಿವರಗಳು 'ಕಲ್ಕತ್ತಾ 1964: ಎ ಸೋಷಿಯಲ್ ಸರ್ವೆ' ಎಂಬ ಪುಸ್ತಕವಾಗಿ 1968ರಲ್ಲಿ ಹೊರಬಂದವು. ಅದಕ್ಕೂ ಮೊದಲು, 1965ರಲ್ಲಿ, ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಅವರು ಬರೆದ ಲೇಖನ ಹೆಸರು ಮಾಡಿತ್ತು. ಕಲ್ಕತ್ತೆಯನ್ನು ಅವರು ಅದರಲ್ಲಿ 'ಅಕಾಲದ ಮಹಾನಗರ' ಎಂದು ಕರೆದರು. ಹೊಟ್ಟೆಗೆ ಕೊಡುವ ಕೈಗಾರಿಕೆ ಬೆಳೆಯುವ ಮುನ್ನವೇ ನಗರ ಬೆಳೆದುಬಿಟ್ಟಿದೆ ಎಂಬುದು ಅವರ ವಾದ.

ದೊಡ್ಡ ಪಟ್ಟಣಕ್ಕೆ ಬಂದವರ ಜಾತಿ, ಭಾಷೆಯ ಗಡಿಗಳು ತಾವಾಗಿಯೇ ಕರಗುತ್ತವೆಂದು ಆ ಕಾಲದಲ್ಲಿ ಬಹಳ ಮಂದಿ ನಂಬಿದ್ದರು. ಬೋಸರಿಗೆ ಕಂಡದ್ದು ಬೇರೆ. ಕೆಲಸಗಳು ಕಡಿಮೆ, ಬರುವವರು ಹೆಚ್ಚು. ಆದ್ದರಿಂದ ಪ್ರತಿಯೊಬ್ಬನೂ ತನ್ನ ಊರಿನವನ ಕೈ ಹಿಡಿದೇ ಬರುತ್ತಾನೆ. ಅವನ ಕೇರಿಯಲ್ಲೇ ಇರುತ್ತಾನೆ. ಅವನ ಕಸುಬನ್ನೇ ಕಲಿಯುತ್ತಾನೆ. ನಲ್ಲಿ ಕೆಲಸಕ್ಕೆ ಒರಿಯಾದವರು, ಮೂಟೆ ಹೊರಲು ಬಿಹಾರದವರು, ಬಡಾಬಜಾರಿನ ವ್ಯಾಪಾರಕ್ಕೆ ಮಾರವಾಡಿಗಳು. ಹಳ್ಳಿಯಲ್ಲಿ ಜಾತಿಗಳು ಹೇಗೋ, ಇಲ್ಲಿ ಭಾಷೆಯ ಗುಂಪುಗಳು ಹಾಗೆ ಎಂದರು ಬೋಸರು. ಆಫೀಸುಗಳಲ್ಲಿ ಟೈಪು, ಶೀಘ್ರಲಿಪಿ, ಲೆಕ್ಕಪತ್ರ ಹಿಡಿದು ಕುಳಿತ ದಕ್ಷಿಣದವರಾದ ನಾವೂ ಈ ಲೆಕ್ಕಕ್ಕೆ ಹೊರಗಿನವರಲ್ಲ.

ಇದಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂದರೆ, ನೀರನ್ನು ನೋಡಬೇಕು. ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲೇ 1884ರಲ್ಲಿ ರಾಬರ್ಟ್ ಕಾಕ್ ಕಾಲರಾ ಕ್ರಿಮಿಯನ್ನು ಗುರುತಿಸಿದ್ದು. ನಗರಕ್ಕೆ ಎರಡು ಬಗೆಯ ನೀರು ಬರುತ್ತಿತ್ತು: ಪಾಲ್ಟಾದಲ್ಲಿ ಶೋಧಿಸಿ ಟಾಲಾ ತೊಟ್ಟಿಯ ಮೂಲಕ ಬರುವ ಕುಡಿಯುವ ನೀರು, ಬೀದಿ, ಕಕ್ಕಸು ತೊಳೆಯಲು ಶೋಧಿಸದ ಹೂಗ್ಲಿ ನೀರು. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲೂ ಎರಡು ನಲ್ಲಿಗಳಿದ್ದವು. ಊರಿನಿಂದ ಬಂದ ಅಜ್ಜಿ ಕೆಸರು ಬಣ್ಣದ ನೀರು ಸಾಕ್ಷಾತ್ ಗಂಗೆಯದೆಂದು ತಿಳಿದು, ತಂಬಿಗೆಯಲ್ಲಿ ಹಿಡಿದು ದೇವರ ಮುಂದೆ ಇಟ್ಟರು. ಅದು ಕಕ್ಕಸಿನ ನಲ್ಲಿಯದೆಂದು ಹೇಳಲು ಅಮ್ಮನಿಗೆ ಧೈರ್ಯ ಬರಲಿಲ್ಲ. ತೀರ್ಥವನ್ನು ಮಾತ್ರ ಯಾರಿಗೂ ಕೊಡಗೊಡಲಿಲ್ಲ.

ನಮಗೆ ಅದು ನಗೆಯ ಮಾತು. ಬಸ್ತಿಯಲ್ಲಿ ಹಾಗಲ್ಲ. (ನಮ್ಮ ನಾಡಿನಲ್ಲಿ ಬಸ್ತಿಯೆಂದರೆ ಜೈನ ದೇವಾಲಯ, ಇಲ್ಲಿ ಹೆಂಚಿನ ಮಾಡಿನ ಬಡವರ ಕೇರಿ.) ಅಲ್ಲಿ ಒಳ್ಳೆಯ ನೀರಿನ ನಲ್ಲಿಯೊಂದಕ್ಕೆ ಹತ್ತಾರು ಮನೆ, ಸರದಿ ಬಾರದವರು ಹೂಗ್ಲಿ ನೀರಿನಲ್ಲೇ ಮೀಯುವರು, ಪಾತ್ರೆ ತೊಳೆಯುವರು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬಂದು ಈ ನೀರಿನ ಅವಸ್ಥೆಯನ್ನು ಎತ್ತಿ ಹೇಳಿದ ಮೇಲೆಯೇ 1961ರಲ್ಲಿ ಮಹಾನಗರ ಯೋಜನಾ ಸಂಸ್ಥೆ ಹುಟ್ಟಿತು. ಅದರ ಮೂಲ ಯೋಜನೆ 1966ರಲ್ಲಿ ಪ್ರಕಟವಾಯಿತು. ಬಸ್ತಿಗಳಿಗೆ ನಲ್ಲಿ, ಕಕ್ಕಸು, ಕಲ್ಲುಹಾಸಿನ ಓಣಿ ದೊಡ್ಡ ಪ್ರಮಾಣದಲ್ಲಿ ಬರತೊಡಗಿದ್ದು 1970ರ ನಂತರ. ಪೈಪು ಎಲ್ಲಿ ಹಾಕಬೇಕೆಂದು ಎಂಜಿನಿಯರು ಹೇಳಬಲ್ಲ. ಅಲ್ಲಿ ಯಾರಿದ್ದಾರೆ, ಏಕೆ ಅಲ್ಲೇ ಇದ್ದಾರೆ ಎಂದು ತಿಳಿಯಲು ಬೋಸರಂಥವರು ಬೇಕು.

ಇನ್ನೊಂದು ಅಂಕಿ. 1961ರ ಜನಗಣತಿಯಲ್ಲಿ ಕಲ್ಕತ್ತೆಯ ಜನ 29 ಲಕ್ಷ. ಸಾವಿರ ಗಂಡಸರಿಗೆ ಹೆಂಗಸರು 612. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗಿ, ಕೂಲಿಯನ್ನು ಮನಿಯಾರ್ಡರು ಮಾಡುತ್ತಿದ್ದವರ ನಗರ ಇದು. ಕ್ಷಯ ಹಿಡಿದರೆ ಅಂಥವನಿಗೆ ಗಂಜಿ ಕಾಯಿಸಿಕೊಡುವವರಾರು? ರೈಲು ಹತ್ತಿ ಊರಿಗೇ ಹೋಗಬೇಕು. ಅವನು ಅಲ್ಲಿ ಸತ್ತರೆ ಕಲ್ಕತ್ತೆಯ ಮರಣದ ದಾಖಲೆಗೆ ಅವನು ಸೇರುವುದಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಕೆಲಸ ನಡೆದಿತ್ತು. 1951–52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರಕಾರವೂ ಸೇರಿ, ಬೆಂಗಳೂರಿನಲ್ಲೂ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಗಂಡಹೆಂಡಿರನ್ನು ಮಕ್ಕಳ ವಿಷಯ ವಿಚಾರಿಸಿದರು. ಮಕ್ಕಳು ಮಿತವಾಗಿರಲೆಂದವರು ಅನೇಕರು. ಅದಕ್ಕೆ ಉಪಾಯ ಬಲ್ಲವರು ಕೆಲವರೇ. ಅದು ಮನೆಯೊಳಗೆ ಕುಳಿತು ಕೇಳಿದ ಪ್ರಶ್ನೆ. ಬೋಸರು ಬೀದಿಯಲ್ಲಿ ನಿಂತು ನೋಡಿದವರು.

ಬೀದಿಯಲ್ಲಿ ಅವರು ಗಮನಿಸಿದ್ದರಲ್ಲಿ ಸಂಘಗಳೂ ಇದ್ದವು: ಭಾಷೆಗೊಂದು ಶಾಲೆ, ವಾಚನಾಲಯ, ಪೂಜಾಸಮಿತಿ. ಇವು ತಮ್ಮವರನ್ನು ಕಾಯುತ್ತವೆ, ಆದರೆ ಬೇರೆಯವರೊಡನೆ ಬೆರೆಯಗೊಡುವುದಿಲ್ಲ ಎಂಬ ಸಂಕಟ ಅವರ ಬರಹದಲ್ಲಿದೆ. ಸಂಘದ ಪತ್ರಿಕೆಯಲ್ಲೇ ಇದನ್ನು ಬರೆಯುವುದು ತುಸು ಮುಜುಗರದ ಸಂಗತಿ. ಆದರೂ ಅವರ ಮಾತನ್ನು ಪೂರ್ತಿ ಒಪ್ಪಲಾರೆ. ಬಾಣಂತನಕ್ಕೆ ತವರಿಗೆ ಹೋಗಲಾರದ ಹುಡುಗಿಯ ಮನೆಗೆ ಸಾರನ್ನ ಒಯ್ದವರು, ಆಸ್ಪತ್ರೆಯಲ್ಲಿ ಬಂಗಾಳಿ ಬಾರದವರ ಪಕ್ಕದಲ್ಲಿ ರಾತ್ರಿ ಕುಳಿತವರು ಈ ಸಂಘದವರೇ. ಮೂಟೆ ಹೊರುವವನಿಗೆ ಅಂಥ ಆಸರೆ ಎಷ್ಟಿತ್ತು ಎಂಬುದೇ ಪ್ರಶ್ನೆ.

ಬೋಸರು ತೀರಿಕೊಂಡದ್ದು 1972ರಲ್ಲಿ. 2011ರ ಗಣತಿಯ ಹೊತ್ತಿಗೆ ಸಾವಿರ ಗಂಡಸರಿಗೆ ಹೆಂಗಸರು 908 ಆಗಿದ್ದರು. ನಮ್ಮವರೂ ಲೇಕ್ ಬಿಟ್ಟು ನಗರದ ನಾಲ್ಕು ಕಡೆ ಹರಡಿದ್ದಾರೆ. ನಮ್ಮ ಹಳೆಯ ಮನೆಯ ಎರಡೂ ನಲ್ಲಿಗಳನ್ನು ರಿಪೇರಿ ಮಾಡಲು ವರ್ಷಗಟ್ಟಲೆ ಬರುತ್ತಿದ್ದ ಒರಿಯಾ ಮಿಸ್ತ್ರಿಗೆ ಅಮ್ಮ ಪ್ರತಿಸಲವೂ ಕಾಫಿ ಕೊಡುತ್ತಿದ್ದರು. ಅವನ ಕೋಣೆ ಯಾವ ಬಸ್ತಿಯಲ್ಲಿತ್ತು, ಅಲ್ಲಿಗೆ ಯಾವ ನೀರು ಬರುತ್ತಿತ್ತು ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.