ಭಂಗಿ ಗಿಡ, ಕೀಮೋ ವಾಂತಿ ಮತ್ತು 1985ನೇ ಇಸವಿ

ಎಚ್.ಡಿ. ಕೋಟೆ ಕಡೆ ಗಾಂಜಾ ಅಂದರೆ ಪೊಲೀಸ್ ಸುದ್ದಿ. ಶುಂಠಿ ಹೊಲದ ನಡುವೆ ನಾಲ್ಕು ಗಿಡ, ಬಾವಲಿ ಚೆಕ್‌ಪೋಸ್ಟಿನಲ್ಲಿ ಒಂದು ಪೊಟ್ಟಣ, ಇಬ್ಬರ ಬಂಧನ. ನನ್ನಂಥ ವರದಿಗಾರರು ಆರು ಸಾಲಿನಲ್ಲಿ ಮುಗಿಸುವ ಸುದ್ದಿ ಅದು. ಆದರೆ ಅದೇ ಗಿಡ ಈಗ ಇನ್ನೊಂದು ದಾರಿಯಲ್ಲಿ ಊರಿಗೆ ಬರುತ್ತಿದೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿ ಕೀಮೋ ಶುರುವಾದರೆ ಸಾಕು, ವಾಟ್ಸಾಪಿಗೆ ವಿಡಿಯೋ ಬರುತ್ತದೆ: ಗಾಂಜಾ ಎಣ್ಣೆ ಕೊಡಿ, ವಾಂತಿ ನಿಲ್ಲುತ್ತದೆ, ಕ್ಯಾನ್ಸರೂ ವಾಸಿಯಾಗುತ್ತದೆ. ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ವಾಂತಿಯ ಮಾತಿಗೆ ಮಾತ್ರ ನಿಜವಾದ ಒಂದು ಚರಿತ್ರೆ ಇದೆ. ವಿಡಿಯೋದವರು ಅದರ ಅರ್ಧವನ್ನಷ್ಟೇ ಹೇಳುತ್ತಾರೆ.

ಗಿಡ ನಮಗೆ ಹೊಸದಲ್ಲ. ಎಲೆಗೆ ಭಂಗಿ ಸೊಪ್ಪು ಅನ್ನುತ್ತೇವೆ, ಹೆಣ್ಣು ಗಿಡದ ಹೂತೆನೆಗೆ ಗಾಂಜಾ, ಅದರ ಅಂಟಿಗೆ ಚರಸ್. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. 1839ರಲ್ಲಿ ಕಲ್ಕತ್ತೆಯಲ್ಲಿ ಓಶಾಗ್ನೆಸ್ಸಿ ಎಂಬ ಐರಿಷ್ ವೈದ್ಯ ಇದನ್ನು ರೋಗಿಗಳಿಗೆ ಕೊಟ್ಟು ನೋಡಿ ಬರೆದ ಮೇಲೆ ಇಂಗ್ಲೆಂಡಿನ ಔಷಧಿ ಅಂಗಡಿಗಳಿಗೂ ಹೋಯಿತು. ಆದರೆ ಗಿಡದ ಯಾವ ಅಂಶ ಮತ್ತು ತರುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ ಆ ಅಂಶವನ್ನು ಬೇರ್ಪಡಿಸಿದರು. ಅದೇ ಟಿಎಚ್‌ಸಿ.

ಅತ್ತ ಕ್ಯಾನ್ಸರಿಗೆ ಹೊಸ ಹೊಸ ಕೀಮೋ ಔಷಧಿಗಳು ಬರುತ್ತಿದ್ದವು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಪಡೆದ ಸಿಸ್‌ಪ್ಲಾಟಿನ್ ಗಡ್ಡೆ ಕರಗಿಸುವುದರಲ್ಲಿ ಗಟ್ಟಿಗ, ವಾಂತಿ ತರಿಸುವುದರಲ್ಲಿ ಅದಕ್ಕಿಂತ ಗಟ್ಟಿಗ. ಆಗಿನ ವಾಂತಿ ಮಾತ್ರೆಗಳು ಅದರ ಮುಂದೆ ಏನೂ ಸಾಲುತ್ತಿರಲಿಲ್ಲ. ವಾಂತಿ ತಾಳಲಾರದೆ ಚಿಕಿತ್ಸೆಯನ್ನೇ ಬಿಟ್ಟವರಿದ್ದರು.

ಅಮೆರಿಕದ ಕೆಲವು ಎಳೆಯ ರೋಗಿಗಳು ಒಂದು ವಿಷಯ ಹೇಳತೊಡಗಿದರು: ಕೀಮೋಗೆ ಮೊದಲು ಗಾಂಜಾ ಸೇದಿದರೆ ವಾಂತಿ ಕಡಿಮೆ. ಬಾಸ್ಟನ್ನಿನ ವೈದ್ಯರು ಇದನ್ನು ತಮಾಷೆ ಅಂತ ತಳ್ಳಿಹಾಕಲಿಲ್ಲ. ಟಿಎಚ್‌ಸಿಯನ್ನು ಎಳ್ಳೆಣ್ಣೆಯಲ್ಲಿ ಕಲಸಿ ಕ್ಯಾಪ್ಸೂಲ್ ಮಾಡಿ 22 ರೋಗಿಗಳಲ್ಲಿ ಪರೀಕ್ಷೆಗಿಳಿದರು. ಒಂದು ಸಲ ಅದು, ಇನ್ನೊಂದು ಸಲ ಬರೀ ಎಣ್ಣೆ. ಯಾವುದು ಯಾವಾಗ ಅಂತ ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 1975ರಲ್ಲಿ ಫಲಿತಾಂಶ ಅಚ್ಚಾಯಿತು. ಟಿಎಚ್‌ಸಿ ಕೊಟ್ಟ 20 ಸರದಿಗಳಲ್ಲಿ 14ರಲ್ಲಿ ವಾಂತಿ ತಗ್ಗಿತ್ತು. ಬರೀ ಎಣ್ಣೆಯ 22 ಸರದಿಗಳಲ್ಲಿ ಒಂದರಲ್ಲೂ ಇಲ್ಲ.

ಹತ್ತು ವರ್ಷದ ಮೇಲೆ, 1985ರ ಮೇ ತಿಂಗಳಲ್ಲಿ, ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿಯ ಕ್ಯಾಪ್ಸೂಲಿಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಹೆಸರು ಡ್ರೊನಾಬಿನಾಲ್. ಅದೂ ಎಳ್ಳೆಣ್ಣೆಯಲ್ಲೇ. ಅದನ್ನು ಹೋಲುವ ನಾಬಿಲೋನ್‌ಗೂ ಅದೇ ವರ್ಷ ಒಪ್ಪಿಗೆ ಸಿಕ್ಕಿತು.

ಅದೇ 1985ರ ನವೆಂಬರ್ 14ರಂದು ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಗಾಂಜಾ ಬೆಳೆದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹೂತೆನೆ ಇಲ್ಲದ ಬರೀ ಎಲೆಯನ್ನು ಮತ್ತು ಬೀಜವನ್ನು ಕಾಯ್ದೆ ಗಾಂಜಾ ಅಂತ ಎಣಿಸುವುದಿಲ್ಲ. ಭಂಗಿ ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದ್ದೂ ಇದೇ ಅರ್ಥದಲ್ಲಿ. ಇದನ್ನು ಓದಿ ಯಾರೂ ಹಿತ್ತಲಿನಲ್ಲಿ ಗಿಡ ಹಾಕಬೇಡಿ. ಎಲೆಗೆ ಇರುವ ವಿನಾಯಿತಿ ಗಿಡಕ್ಕಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಕ್ಯಾನ್ಸರ್ ತರುವ ತಂಬಾಕನ್ನು ಮಂಡಳಿಯ ಲೈಸೆನ್ಸ್ ಪಡೆದು ಬೆಳೆಯಬಹುದು, ಪಕ್ಕದ ಹೊಲದ ಗಾಂಜಾ ಗಿಡಕ್ಕೆ ಜೈಲು. ವಿಚಿತ್ರ ಅನ್ನಿಸುತ್ತದೆ, ಆದರೆ ಕಾನೂನು ಇರುವುದು ಹಾಗೆ.

ಹಾಗಾದರೆ ನಮ್ಮ ರೋಗಿಗಳಿಗೆ ಅನ್ಯಾಯವಾಯಿತೇ? ವಿಡಿಯೋ ಬಿಟ್ಟುಬಿಡುವ ಅರ್ಧ ಇಲ್ಲಿದೆ. ಕೀಮೋ ಔಷಧಿ ಕರುಳಿನ ಜೀವಕೋಶಗಳಿಂದ ಸೆರೊಟೋನಿನ್ ಎಂಬ ವಸ್ತುವನ್ನು ಹೊರಡಿಸುತ್ತದೆ. ಅದು ಮಿದುಳಿಗೆ ವಾಂತಿಯ ಸುದ್ದಿ ಮುಟ್ಟಿಸುತ್ತದೆ. ಆ ದಾರಿಯನ್ನೇ ಕಟ್ಟಿಹಾಕುವ ಒಂಡಾನ್‌ಸೆಟ್ರಾನ್ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇವತ್ತು ಎಮೆಸೆಟ್ ಅಂತ ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮಾತ್ರೆ ಇದೇ. ಇದರಿಂದ ಮತ್ತೇರುವುದಿಲ್ಲ, ಭ್ರಮೆ ಬರುವುದಿಲ್ಲ. ಗಾಂಜಾ ಕ್ಯಾಪ್ಸೂಲ್ ಹಿಂದಕ್ಕೆ ಸರಿಯಿತು.

2015ರಲ್ಲಿ ಸಂಶೋಧಕರ ಒಂದು ತಂಡ ಇಂಥ 23 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹೆಚ್ಚಿನವು ಒಂಡಾನ್‌ಸೆಟ್ರಾನ್ ಬರುವ ಮುಂಚಿನವು, ಅಂದರೆ ಹಳೆಯ ಮಾತ್ರೆಗಳ ಜೊತೆ ಹೋಲಿಸಿದವು. ಬೇರೆ ಮದ್ದಿಗೆ ಬಗ್ಗದ ವಾಂತಿಗೆ ಇವು ಉಪಯೋಗವಾಗಬಹುದು, ಆದರೆ ತಲೆಸುತ್ತು, ಮತ್ತು, ಮಂಕು ಹೆಚ್ಚು ಅನ್ನುವುದು ಅವರ ತೀರ್ಮಾನ. ಇನ್ನೂ ಒಂದಿದೆ: ವರ್ಷಗಟ್ಟಲೆ ಗಾಂಜಾ ಸೇದುವವರಿಗೆ ಅದರಿಂದಲೇ ಬಿಡದ ವಾಂತಿ ಹಿಡಿಯುವುದನ್ನು 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ವರದಿ ಮಾಡಿದ್ದಾರೆ.

ಕ್ಯಾಪ್ಸೂಲಿನಲ್ಲಿ ಟಿಎಚ್‌ಸಿ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ. ಯಾರೋ ಬಾಟಲಿಯಲ್ಲಿ ತಂದುಕೊಟ್ಟ ಎಣ್ಣೆಯಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕೀಮೋದಿಂದ ಸುಸ್ತಾದ ಎಪ್ಪತ್ತರ ಅಜ್ಜಿಗೆ ಅದನ್ನು ಕುಡಿಸಿದರೆ ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳಬಹುದು.

ಕೀಮೋ ಚೀಟಿಯಲ್ಲಿ ಓಲಾಂಜಪಿನ್ ಅನ್ನುವ ಮಾತ್ರೆಯ ಹೆಸರನ್ನೂ ನೀವು ನೋಡಿರಬಹುದು. ಇದು ಮೂಲದಲ್ಲಿ ಮಾನಸಿಕ ಕಾಯಿಲೆಯ ಮಾತ್ರೆ. ಅದನ್ನು ಮೊಬೈಲಿನಲ್ಲಿ ಹುಡುಕಿದ ಮೇಲೆ 'ನಮ್ಮಪ್ಪನಿಗೆ ಹುಚ್ಚಿನ ಮಾತ್ರೆ ಯಾಕೆ' ಅಂತ ಹೆದರಿ ನಿಲ್ಲಿಸಬೇಡಿ. ಕೀಮೋ ವಾಂತಿಯನ್ನು, ಅದರಲ್ಲೂ ಓಕರಿಕೆಯನ್ನು, ಅದು ಚೆನ್ನಾಗಿ ತಡೆಯುತ್ತದೆ. ನಿದ್ದೆ ಮಾತ್ರ ಜಾಸ್ತಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟು ನೋಡಿ, ಕೆಲಸ ಅಷ್ಟೇ ಆಗುತ್ತದೆ, ಹಗಲು ತೂಕಡಿಕೆ ಕಡಿಮೆ ಅಂತ 2024ರಲ್ಲಿ ಪ್ರಕಟಿಸಿದರು. ನಿಮ್ಮ ಮನೆಯವರು ದಿನವಿಡೀ ತೂಕಡಿಸುತ್ತಿದ್ದರೆ ಮುಂದಿನ ಸಲ ಹೋದಾಗ ಡಾಕ್ಟರರ ಹತ್ತಿರ ಕೇಳಿ, ಡೋಸ್ ಇಳಿಸಬಹುದೇ ಅಂತ.